ಓದುಗರ ಪ್ರಶ್ನೆ, ನಮ್ಮ ಉತ್ತರ: ಮನೆಯಲ್ಲೇ ಸ್ಪೇನ್ ದೇಶದ ಬೇಸಿಗೆ ಪಾನೀಯಗಳು

ಸ್ಪೇನ್ ದೇಶದ ತಂಪು ಪಾನೀಯಗಳ ಬಗ್ಗೆ ಪ್ರಶ್ನೆ ಕಳುಹಿಸಿ ಎಂದು ಕೇಳಿದ್ದಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಕೆಂಪು ವೈನಿಗೆ ಹಣ್ಣು ಬೆರೆಸಿ ಮಾಡುವ ಸಾಂಗ್ರಿಯಾ ಕುರಿತೇ ಇದ್ದವು. ಮದ್ಯ ಮುಟ್ಟದ ಮನೆಗಳಿಂದಲೂ ಪತ್ರಗಳು ಬಂದದ್ದು ನನಗೆ ವಿಶೇಷ ಸಂತೋಷ ತಂದಿತು, ಏಕೆಂದರೆ ಆ ದೇಶದ ಅತ್ಯುತ್ತಮ ಪಾನೀಯಗಳಲ್ಲಿ ಹಲವಕ್ಕೆ ಮದ್ಯದ ಸೋಂಕೇ ಇಲ್ಲ. ಮದ್ಯವಿರಲಿ, ಇಲ್ಲದಿರಲಿ, ಇವೆಲ್ಲ ಅಮಲಿಗಾಗಿ ಅಲ್ಲ, ಬಾಯಾರಿಕೆಗಾಗಿ ಹುಟ್ಟಿದವು. ಊಟದ ಜೊತೆಯಲ್ಲಿ, ನೆರಳಿನಲ್ಲಿ ಕುಳಿತು, ನಿಧಾನವಾಗಿ ಕುಡಿಯುವಂಥವು. ಕೆಳಗಿನ ಉತ್ತರಗಳನ್ನು ಓದುವಾಗ ಇಷ್ಟನ್ನು ನೆನಪಿನಲ್ಲಿಟ್ಟುಕೊಂಡರೆ ಅಳತೆಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಪ್ರಶ್ನೆ: ಮಗಳ ಜೊತೆ ಬಾರ್ಸಿಲೋನಾಕ್ಕೆ ಹೋಗಿದ್ದಾಗ ಕುಡಿದ ಸಾಂಗ್ರಿಯಾ ಹಗುರವಾಗಿ, ಹಣ್ಣಿನ ಪರಿಮಳದಿಂದ ತುಂಬಿತ್ತು. ಊರಿಗೆ ಬಂದ ಮೇಲೆ ಸಿಹಿ ಪೋರ್ಟ್ ವೈನ್, ಒಂದು ಲೋಟ ರಮ್, ಬಾಳೆಹಣ್ಣು, ಸೇಬು, ಕಿತ್ತಳೆ ಎಲ್ಲವನ್ನೂ ಹಿಂದಿನ ರಾತ್ರಿಯೇ ಐಸ್ ಹಾಕಿ ಬೆರೆಸಿಟ್ಟೆ. ಮರುದಿನ ಅದು ಕೆಮ್ಮಿನ ಔಷಧಿಯಂತಿತ್ತು. ಎಲ್ಲಿ ತಪ್ಪಿದೆ?
ರಾಜಾಜಿನಗರ, ಬೆಂಗಳೂರು

ಉತ್ತರ: ಮುಖ್ಯ ತಪ್ಪು ವೈನ್ ಆಯ್ಕೆಯಲ್ಲಿದೆ. ನಮ್ಮಲ್ಲಿ ಪೋರ್ಟ್ ಎಂಬ ಹೆಸರಿನಲ್ಲಿ ಸಿಗುವ ಅಗ್ಗದ ಬಾಟಲಿಗಳಲ್ಲಿ ಸಕ್ಕರೆಯೇ ಮೇಲುಗೈ. ಅದಕ್ಕೆ ಹಣ್ಣಿನ ಸಿಹಿ, ರಮ್ಮಿನ ಕಾವು ಎರಡೂ ಸೇರಿದರೆ ಔಷಧಿಯ ರುಚಿ ಬರದೆ ಬೇರೇನೂ ಬರುವುದಿಲ್ಲ. ಸಾಂಗ್ರಿಯಾಕ್ಕೆ ಬೇಕಾದುದು ಲೇಬಲ್ಲಿನ ಮೇಲೆ ಡ್ರೈ ಎಂದು ಬರೆದಿರುವ, ಅಂದರೆ ಸಿಹಿಯಿಲ್ಲದ ಕೆಂಪು ವೈನ್. ಸ್ಪೇನಿನ ರಿಯೋಹಾ ಸೀಮೆಯ ತೆಂಪ್ರನೀಯೊ ದ್ರಾಕ್ಷಿಯ ವೈನೇ ಆಗಬೇಕೆಂದಿಲ್ಲ. ನಂದಿ ಬೆಟ್ಟದ ತಪ್ಪಲಿನದೋ ನಾಸಿಕದ್ದೋ ಸಾಧಾರಣ ಬೆಲೆಯ ಡ್ರೈ ರೆಡ್ ವೈನ್ ಸಾಕು. ದುಬಾರಿ ವೈನನ್ನು ಇದಕ್ಕೆ ಸುರಿಯುವುದು ವ್ಯರ್ಥ. ಹಾಗೆಂದು ಬರಿದೇ ಕುಡಿಯಲಾಗದಷ್ಟು ಕೆಟ್ಟ ವೈನನ್ನು ಹಣ್ಣಿನ ಹಿಂದೆ ಬಚ್ಚಿಡಲೂ ಆಗುವುದಿಲ್ಲ.

ಎರಡನೆಯ ತಪ್ಪು ಐಸಿನದು. ರಾತ್ರಿ ಹಾಕಿದ ಐಸ್ ಬೆಳಗಾಗುವಷ್ಟರಲ್ಲಿ ನೀರಾಗಿ, ವೈನನ್ನು ತೆಳ್ಳಗಾಗಿಸಿ, ಹಣ್ಣನ್ನು ಬೇಯಿಸಿದ ತರಕಾರಿಯಂತೆ ಮೆತ್ತಗಾಗಿಸಿರುತ್ತದೆ. ಬಾಳೆಹಣ್ಣು ಈ ಪಾನೀಯಕ್ಕೆ ಸಲ್ಲದು; ಅದು ಕರಗಿ ಬಣ್ಣವನ್ನೂ ಕೆಡಿಸುತ್ತದೆ, ಲೋಳೆಯನ್ನೂ ಬಿಡುತ್ತದೆ. ರಮ್ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ. ಸ್ಪೇನಿನಲ್ಲೂ ಕೆಲವರು ಒಂದಿಷ್ಟು ಬ್ರಾಂಡಿ ಸೇರಿಸುತ್ತಾರೆ ಎಂಬುದು ನಿಜ, ಆದರೆ ಮಧ್ಯಾಹ್ನದ ಊಟಕ್ಕೆ ಹೂಜಿಗಟ್ಟಲೆ ಮಾಡುವ ಪಾನೀಯಕ್ಕೆ ಅದು ಬೇಡ. ಯುರೋಪಿಯನ್ ಒಕ್ಕೂಟ 2014ರಲ್ಲಿ ರೂಪಿಸಿದ ನಿಯಮದ ಪ್ರಕಾರ ಬಾಟಲಿಯಲ್ಲಿ ಮಾರುವ ಸಾಂಗ್ರಿಯಾದ ಮದ್ಯಾಂಶ ಶೇಕಡಾ 4.5ಕ್ಕಿಂತ ಕಡಿಮೆ ಇರಬಾರದು, ಶೇಕಡಾ 12ನ್ನು ಮುಟ್ಟಬಾರದು. ಅಲ್ಲದೆ ಸಾಂಗ್ರಿಯಾ ಎಂಬ ಹೆಸರಿನಲ್ಲಿ ಅದನ್ನು ಮಾರುವ ಹಕ್ಕು ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳ ತಯಾರಕರಿಗೆ ಮಾತ್ರ ಇದೆ. ಅಂದರೆ ಇದು ವೈನಿಗಿಂತ ಹಗುರವಾಗಿರಬೇಕೆಂದು ಕಾನೂನೇ ಹೇಳುತ್ತದೆ. ಹೆಸರು ಮಾತ್ರ ಬಣ್ಣದಿಂದ ಬಂದದ್ದು. ಸಾಂಗ್ರೆ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ರಕ್ತ. ಅಮೆರಿಕದ ಜನರಿಗೆ ಇದರ ರುಚಿ ಹತ್ತಿದ್ದು 1964ರ ನ್ಯೂಯಾರ್ಕ್ ವಿಶ್ವಮೇಳದ ಸ್ಪೇನ್ ಮಂಟಪದಲ್ಲಿ, ಅಲ್ಲಿಂದ ಮುಂದೆ ಇದು ಜಗತ್ತಿನಾದ್ಯಂತ ಹರಡಿತು. ಹರಡುತ್ತಾ ಹೋದಂತೆ ಸಿಹಿಯೂ ಮದ್ಯವೂ ಹೆಚ್ಚುತ್ತಾ ಹೋದವೆಂಬುದು ನನ್ನ ಬೇಸರ.

ಈಗ ಮಾಡುವ ಕ್ರಮ. 750 ಮಿಲಿಲೀಟರಿನ ಒಂದು ಬಾಟಲಿ ಡ್ರೈ ರೆಡ್ ವೈನನ್ನು ಮುಂಚಿತವಾಗಿಯೇ ಫ್ರಿಜ್ಜಿನಲ್ಲಿಟ್ಟು ತಣ್ಣಗಾಗಿಸಿರಿ. ಎರಡು ಕಿತ್ತಳೆಗಳ ರಸವನ್ನು, ಅಂದರೆ ಸುಮಾರು 150 ಮಿಲಿಲೀಟರನ್ನು, ಗಾಜಿನ ಹೂಜಿಗೆ ಹಿಂಡಿ, ಅದರಲ್ಲಿ ಎರಡು ಟೇಬಲ್ ಚಮಚ ಸಕ್ಕರೆಯನ್ನು ಪೂರ್ತಿ ಕರಗುವವರೆಗೆ ಕದಡಿರಿ. ಸಕ್ಕರೆಯನ್ನು ತಣ್ಣನೆಯ ವೈನಿಗೆ ನೇರವಾಗಿ ಹಾಕಿದರೆ ಅದು ತಳದಲ್ಲೇ ಕುಳಿತು, ಕೊನೆಯ ಲೋಟಕ್ಕೆ ಬರುವವರ ಪಾಲಾಗುತ್ತದೆ. ಅರ್ಧ ನಿಂಬೆಹಣ್ಣಿನ ರಸ ಸೇರಿಸಿರಿ. ಸ್ಪೇನಿನ ಹಳದಿ ದಪ್ಪ ಸಿಪ್ಪೆಯ ನಿಂಬೆಗಿಂತ ನಮ್ಮ ಸಣ್ಣ ನಿಂಬೆಯ ಹುಳಿ ತೀಕ್ಷ್ಣವಾದುದರಿಂದ ಇಡೀ ಹಣ್ಣು ಬೇಡ. ಸಿಪ್ಪೆ ಸಹಿತ ಹೆಚ್ಚಿದ ಒಂದು ಸೇಬು, ಸಿಕ್ಕರೆ ಒಂದು ಪೀಚ್ ಹಣ್ಣು, ಬೆರಳುದ್ದದ ಒಂದು ದಾಲ್ಚಿನ್ನಿ ಚಕ್ಕೆ ಇಷ್ಟನ್ನು ಹಾಕಿ ವೈನ್ ಸುರಿದು ಎರಡರಿಂದ ನಾಲ್ಕು ಗಂಟೆ ಫ್ರಿಜ್ಜಿನಲ್ಲಿಡಿ. ಕಿತ್ತಳೆ ಹೋಳುಗಳನ್ನು ಹಾಕುವುದಾದರೆ ಕೊನೆಯ ಅರ್ಧ ಗಂಟೆಯಲ್ಲಿ ಹಾಕಿರಿ, ಏಕೆಂದರೆ ಸಿಪ್ಪೆಯ ಒಳಗಿನ ಬಿಳಿ ಪದರ ವೈನಿನಲ್ಲಿ ಹೆಚ್ಚು ಹೊತ್ತು ನೆನೆದರೆ ಕಹಿ ಬಿಡುತ್ತದೆ. ಬಡಿಸುವ ಗಳಿಗೆಯಲ್ಲಿ ಮಾತ್ರ 300 ಮಿಲಿಲೀಟರ್ ತಣ್ಣನೆಯ ಸೋಡಾ ಸೇರಿಸಿ, ಐಸನ್ನು ಹೂಜಿಗಲ್ಲ, ಲೋಟಗಳಿಗೆ ಹಾಕಿರಿ. ಶೇಕಡಾ 13ರ ವೈನ್ ಬಳಸಿದ್ದರೆ ಈ ಅಳತೆಯಲ್ಲಿ ಮದ್ಯಾಂಶ ಶೇಕಡಾ 8ರ ಆಸುಪಾಸಿಗೆ ಇಳಿದಿರುತ್ತದೆ. ಸರಿಯಾಗಿ ಮಾಡಿದ ಸಾಂಗ್ರಿಯಾದ ಲೋಟವನ್ನು ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಮಾಣಿಕ್ಯದ ಕೆಂಪು ಕಾಣಬೇಕು, ಸೇಬಿನ ಹೋಳು ಕಚ್ಚಿದಾಗ ಕರುಮ್ ಎನ್ನಬೇಕು.

ಪ್ರಶ್ನೆ: ತಿಂತೊ ದೆ ವೆರಾನೊ ಎಂಬ ಪಾನೀಯಕ್ಕೂ ಸಾಂಗ್ರಿಯಾಕ್ಕೂ ವ್ಯತ್ಯಾಸವೇನು? ಇಬ್ಬರೇ ಇರುವ ಮನೆಗೆ ಹೂಜಿ ತುಂಬ ಸಾಂಗ್ರಿಯಾ ಮಾಡುವುದು ಹೆಚ್ಚಾಗುತ್ತದೆ.
ಶಿವಮೊಗ್ಗ

ಉತ್ತರ: ನಿಮ್ಮಂಥ ಮನೆಗೆ ಹೇಳಿ ಮಾಡಿಸಿದ್ದು ಇದೇ. ಹೆಸರಿನ ಅರ್ಥ ಬೇಸಿಗೆಯ ಕೆಂಪು ವೈನ್ ಎಂದು. ಸಾಂಗ್ರಿಯಾದ ಹೂಜಿ ಬಹುಮಟ್ಟಿಗೆ ಪ್ರವಾಸಿಗರ ಮೇಜಿನಲ್ಲೋ ಹಬ್ಬದ ಮನೆಯಲ್ಲೋ ಕಾಣುವಂಥದ್ದು. ದಕ್ಷಿಣ ಸ್ಪೇನಿನ ಆಂದಲೂಸಿಯಾ ಸೀಮೆಯ ಜನ ಬೇಸಿಗೆಯ ಸಾಮಾನ್ಯ ದಿನಗಳಲ್ಲಿ ಕೇಳಿ ಕುಡಿಯುವುದು ತಿಂತೊ ದೆ ವೆರಾನೊ. ಇಪ್ಪತ್ತನೆಯ ಶತಮಾನದ ಆರಂಭದ ದಶಕಗಳಲ್ಲಿ ಕೋರ್ದೊಬಾ ನಗರದ ವರ್ಗಾಸ್ ಎಂಬವರ ಊಟದ ಮನೆಯಲ್ಲಿ ಇದು ಶುರುವಾಯಿತೆಂದು ಅಲ್ಲಿನವರು ಹೇಳುತ್ತಾರೆ. ಐಸ್ ತುಂಬಿದ ಉದ್ದನೆಯ ಲೋಟಕ್ಕೆ ಅರ್ಧ ಡ್ರೈ ರೆಡ್ ವೈನ್, ಅರ್ಧ ಗಸೆಯೋಸಾ, ಮೇಲೊಂದು ನಿಂಬೆಯ ಬಿಲ್ಲೆ. ಇಷ್ಟೇ ಅದರ ಕಥೆ.

ಗಸೆಯೋಸಾ ಎಂದರೆ ತೀರಾ ನಸುಸಿಹಿಯ ಸೋಡಾ. ಸ್ಪೇನಿನಲ್ಲಿ 1949ರಲ್ಲಿ ಆರಂಭವಾದ ಲಾ ಕಸೇರಾ ಎಂಬ ಬ್ರಾಂಡಿನ ಹೆಸರೇ ಆ ಸೋಡಾಕ್ಕೆ ಪರ್ಯಾಯ ಪದವಾಗುವಷ್ಟು ಅದು ಮನೆಮಾತು. ನಮ್ಮಲ್ಲಿ ನಿಂಬೆ ಸ್ವಾದದ ಪಾರದರ್ಶಕ ತಂಪು ಪಾನೀಯವನ್ನೇ ಪೂರ್ತಿ ಹಾಕಿದರೆ ಸಿಹಿ ವಿಪರೀತವಾಗುತ್ತದೆ. ಅದನ್ನು ಒಂದು ಪಾಲು, ಸಪ್ಪೆ ಸೋಡಾವನ್ನು ಎರಡು ಪಾಲು ಬೆರೆಸಿದರೆ ಗಸೆಯೋಸಾದ ಹದ ಬರುತ್ತದೆ. ಶಿವಮೊಗ್ಗದಲ್ಲಿ ಸಿಹಿ ಗೋಲಿ ಸೋಡಾ ಈಗಲೂ ಸಿಗುತ್ತಿದ್ದರೆ ಸಪ್ಪೆ ಸೋಡಾದ ಜೊತೆ ಅದನ್ನೇ ಬಳಸಿರಿ. ನನ್ನ ನಾಲಿಗೆಗೆ ಅದು ಬಾಟಲಿಯ ಪಾನೀಯಕ್ಕಿಂತ ಹೆಚ್ಚು ಹತ್ತಿರ ಎನಿಸಿದೆ. ಮೊದಲು ಐಸ್, ಆಮೇಲೆ ವೈನ್, ಕೊನೆಗೆ ಸೋಡಾ ಎಂಬ ಕ್ರಮ ತಪ್ಪಬಾರದು. ಚಮಚದಿಂದ ಒಂದೇ ಒಂದು ಸುತ್ತು ತಿರುಗಿಸಿ ಬಿಟ್ಟುಬಿಡಿ. ಕಡೆದರೆ ಗುಳ್ಳೆಗಳೆಲ್ಲ ಹಾರಿಹೋಗುತ್ತವೆ.

ಪ್ರಶ್ನೆ: ನಮ್ಮ ಮನೆಯಲ್ಲಿ ಯಾರೂ ಮದ್ಯ ಮುಟ್ಟುವುದಿಲ್ಲ. ವಲೆನ್ಸಿಯಾದಲ್ಲಿ ಓದುತ್ತಿರುವ ಮಗ ಅಲ್ಲಿ ಗೆಡ್ಡೆಯಿಂದ ತೆಗೆದ ಹಾಲು ಕುಡಿಯುತ್ತೇನೆ, ಬಹಳ ರುಚಿ ಎಂದು ಹೇಳುತ್ತಾನೆ. ಅದು ಯಾವ ಗೆಡ್ಡೆ? ಅವನು ರಜೆಗೆ ಬಂದಾಗ ಇಲ್ಲಿ ಮಾಡಿಕೊಡಬಹುದೇ?
ಧಾರವಾಡ

ಉತ್ತರ: ತಾಯಿಯ ಈ ಪ್ರಶ್ನೆಗೆ ಉತ್ತರಿಸಲು ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟ. ನಿಮ್ಮ ಮಗ ಹೇಳುತ್ತಿರುವುದು ಓರ್ಚಾಟಾ ಎಂಬ ಪಾನೀಯದ ಬಗ್ಗೆ. ಅದರ ಗೆಡ್ಡೆಗೆ ಚೂಫಾ ಎಂದು ಹೆಸರು. ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದಾದ, ಸುಕ್ಕುಗಟ್ಟಿದ, ಕಂದು ಬಣ್ಣದ ಈ ಪುಟ್ಟ ಗೆಡ್ಡೆ ಹುಲ್ಲಿನಂಥ ಗಿಡವೊಂದರ ಬೇರಿನಲ್ಲಿ ಬೆಳೆಯುತ್ತದೆ. ಅರಬರ ಕಾಲದಲ್ಲಿ ವಲೆನ್ಸಿಯಾಕ್ಕೆ ಬಂದ ಇದನ್ನು ನಗರದ ಉತ್ತರಕ್ಕಿರುವ ಅಲ್ಬೊರಾಯಾ ಮತ್ತು ಸುತ್ತಲಿನ ಊರುಗಳ ಮರಳು ಬೆರೆತ ಮಣ್ಣಿನಲ್ಲಿ ಇಂದಿಗೂ ಬೆಳೆಯುತ್ತಾರೆ. ವಸಂತದಲ್ಲಿ ನೆಟ್ಟ ಬೆಳೆ ಚಳಿಗಾಲಕ್ಕೆ ಒಣಗಿದಾಗ ಮೇಲಿನ ಹುಲ್ಲನ್ನು ಸುಟ್ಟು, ಗೆಡ್ಡೆಗಳನ್ನು ಅಗೆದು, ತೊಳೆದು, ಗಾಳಿಯಾಡುವ ಅಟ್ಟಗಳಲ್ಲಿ ಹರವಿ, ಆಗಾಗ ಕೈಯಾಡಿಸುತ್ತಾ ಸುಮಾರು ಮೂರು ತಿಂಗಳು ಒಣಗಿಸುತ್ತಾರೆ. ಹೀಗೆ ಒಣಗುವಾಗಲೇ ಅದರ ಸಿಹಿ ಗಟ್ಟಿಯಾಗುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕು. ಚೂಫಾ ನಮ್ಮ ಹೊಲಗಳ ಜೇಕಿನ, ಅಂದರೆ ಕೊನ್ನಾರಿ ಗೆಡ್ಡೆಯ ಹತ್ತಿರದ ಸಂಬಂಧಿ. ಎರಡೂ ಒಂದೇ ಕುಲದ ಸಸ್ಯಗಳು. ಆದರೆ ಕೊನ್ನಾರಿ ಗೆಡ್ಡೆ ಕಹಿಯಾದ, ಔಷಧಕ್ಕೂ ಸುಗಂಧಕ್ಕೂ ಬಳಕೆಯಾಗುವ ವಸ್ತು. ಹೆಸರಿನ ಸಂಬಂಧ ನೋಡಿ ಅದನ್ನು ಅರೆದು ಹಾಲು ತೆಗೆಯುವ ಪ್ರಯೋಗವನ್ನು ದಯವಿಟ್ಟು ಮಾಡಬೇಡಿ. ಮಗ ಬರುವಾಗ ಒಣಗಿದ ಚೂಫಾದ ಅರ್ಧ ಕಿಲೋ ಪೊಟ್ಟಣ ತರಲು ಹೇಳಿರಿ. ಮುಚ್ಚಿದ ಡಬ್ಬಿಯಲ್ಲಿ ಅದು ತಿಂಗಳುಗಟ್ಟಲೆ ಕೆಡುವುದಿಲ್ಲ.

ಇನ್ನು ಮಾಡುವ ವಿಧಾನ. 250 ಗ್ರಾಂ ಚೂಫಾವನ್ನು ನಾಲ್ಕಾರು ಬಾರಿ ಉಜ್ಜಿ ತೊಳೆಯಿರಿ, ಸುಕ್ಕುಗಳಲ್ಲಿ ಮಣ್ಣು ಅಡಗಿರುತ್ತದೆ. ಒಂದು ಹಗಲು, ಒಂದು ರಾತ್ರಿ ನೆನೆಸಿಟ್ಟರೆ ಸುಕ್ಕು ಬಿಡಿಸಿಕೊಂಡು ಗೆಡ್ಡೆ ದುಂಡಗಾಗುತ್ತದೆ. ನೆನೆಸಿದ ನೀರನ್ನು ಚೆಲ್ಲಿ, ಹೊಸ ತಣ್ಣೀರು ಒಂದು ಲೀಟರ್ ತೆಗೆದುಕೊಂಡು, ಅದರಲ್ಲಿ ಸ್ವಲ್ಪವನ್ನು ಹಾಕಿ ಮಿಕ್ಸಿಯಲ್ಲಿ ಗಸಗಸೆ ಪಾಯಸಕ್ಕೆ ಅರೆಯುವಂತೆ ನುಣ್ಣಗೆ ಅರೆಯಿರಿ. ಉಳಿದ ನೀರನ್ನು ಸೇರಿಸಿ ಅರ್ಧ ಗಂಟೆ ಬಿಟ್ಟು, ತೊಳೆದ ಹತ್ತಿ ಪಂಚೆಯ ತುಂಡಿಗೆ ಸುರಿದು ಗಂಟು ಕಟ್ಟಿ ಹಿಂಡಿರಿ. ಮೊದಲು ಧಾರೆಯಾಗಿ, ಆಮೇಲೆ ಹನಿಹನಿಯಾಗಿ ಹಾಲು ಬರುತ್ತದೆ. ಹನಿ ನಿಂತಿತೆಂದು ಕೈಬಿಡಬೇಡಿ, ಗಂಟನ್ನು ಇನ್ನೂ ಎರಡು ತಿರುವು ಬಿಗಿದು ಹಿಂಡಿದಾಗ ಬರುವ ದಪ್ಪನೆಯ ಕೊನೆಯ ಹಾಲಿನಲ್ಲಿಯೇ ಹೆಚ್ಚಿನ ರುಚಿ ಇರುತ್ತದೆ. 80ರಿಂದ 100 ಗ್ರಾಂ ಸಕ್ಕರೆ ಬೆರೆಸಿ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗಿಸಿ ಕೊಡಿರಿ. ಇದನ್ನು ಯಾವ ಕಾರಣಕ್ಕೂ ಒಲೆಯ ಮೇಲಿಡಬಾರದು, ಗೆಡ್ಡೆಯಲ್ಲಿರುವ ಪಿಷ್ಟ ಬಿಸಿಗೆ ಗಟ್ಟಿಯಾಗಿ ಅಂಬಲಿಯಾಗಿಬಿಡುತ್ತದೆ. ಕಾಯಿಸದ ಕಾರಣ ಫ್ರಿಜ್ಜಿನಲ್ಲಿಯೂ ಎರಡು ದಿನಕ್ಕಿಂತ ಹೆಚ್ಚು ಇಡಬಾರದು. ಅಲ್ಬೊರಾಯಾದ ಅಂಗಡಿಗಳಲ್ಲಿ ಇದರ ಜೊತೆ ಫಾರ್ತೋನ್ ಎಂಬ ಬೆರಳಿನಂಥ ಉದ್ದನೆಯ ಮೃದು ಬನ್ನನ್ನು ಕೊಡುತ್ತಾರೆ. ಅದನ್ನು ಅದ್ದಿ ತಿನ್ನುವುದೇ ಅಲ್ಲಿನ ರೂಢಿ. ನಮ್ಮ ಬೇಕರಿಯ ಸಿಹಿ ಬನ್ನನ್ನು ಉದ್ದುದ್ದ ಸೀಳಿ ಕೊಟ್ಟರೂ ಮಗನಿಗೆ ಅಲ್ಲಿನ ನೆನಪಾದೀತು.

ಚೂಫಾ ಸಿಗದಿದ್ದರೆ ಬಾದಾಮಿಯಿದೆ. ಬಾದಾಮಿಯ ಓರ್ಚಾಟಾ ಸ್ಪೇನಿನಲ್ಲಿಯೂ ಉಂಟು. 200 ಗ್ರಾಂ ಬಾದಾಮಿಯನ್ನು ರಾತ್ರಿ ನೆನೆಸಿ, ಸಿಪ್ಪೆ ಸುಲಿದು, ಇದೇ ಕ್ರಮದಲ್ಲಿ ಹಾಲು ತೆಗೆದು, ನಿಂಬೆ ಸಿಪ್ಪೆಯ ಹಸಿರು ಭಾಗದ ಒಂದು ಎಳೆ ಮತ್ತು ದಾಲ್ಚಿನ್ನಿಯ ಚೂರನ್ನು ಹಾಕಿಟ್ಟು, ಬಡಿಸುವ ಮುನ್ನ ಸೋಸಿರಿ. ಅಕ್ಕಿಯಿಂದ ಮಾಡಿದ ಓರ್ಚಾಟಾದ ವಿವರ ನಿಮಗೆ ಎಲ್ಲಾದರೂ ಕಂಡರೆ ಅದು ಮೆಕ್ಸಿಕೊ ದೇಶದ್ದೆಂದು ತಿಳಿಯಿರಿ. ಹೆಸರಿನ ಬಗ್ಗೆ ವಲೆನ್ಸಿಯಾದಲ್ಲಿ ಒಂದು ಜನಪ್ರಿಯ ಕಥೆಯಿದೆ: 1238ರಲ್ಲಿ ನಗರವನ್ನು ಗೆದ್ದ ದೊರೆ ಒಂದನೆಯ ಹೈಮೆಗೆ ಹುಡುಗಿಯೊಬ್ಬಳು ಈ ಹಾಲನ್ನು ಕೊಟ್ಟಾಗ, ಆತ ಕುಡಿದು 'ಇದು ಚಿನ್ನ ಕಣೇ ಹುಡುಗಿ' ಎಂದನಂತೆ, ಅವರ ಭಾಷೆಯಲ್ಲಿ ಚಿನ್ನಕ್ಕೆ ಓರ್, ಹುಡುಗಿಗೆ ಚಾಟಾ. ಕಥೆ ಸೊಗಸಾಗಿದ್ದರೂ ಪದದ ನಿಜವಾದ ಮೂಲ ಬಾರ್ಲಿಗೆ ಸಂಬಂಧಿಸಿದ ಲ್ಯಾಟಿನ್ ಶಬ್ದ. ನಮ್ಮ ಹಿರಿಯರು ಜ್ವರ ಬಂದವರಿಗೆ ಕೊಡುವ ಬಾರ್ಲಿ ನೀರಿನ ಬಂಧು ಅಲ್ಲಿಯೂ ಇದೆ. ಮ್ಯಾಡ್ರಿಡ್ ನಗರದಲ್ಲಿ ಬಾರ್ಲಿಯನ್ನು ಬೇಯಿಸಿದ ನೀರಿಗೆ ಸಕ್ಕರೆ, ನಿಂಬೆ ಸೇರಿಸಿ ತಣ್ಣಗೆ ಮಾರುವ ರೂಢಿ ಹಳೆಯದು.

ಪ್ರಶ್ನೆ: ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 40 ಡಿಗ್ರಿ ದಾಟುತ್ತದೆ. ಸಿಹಿ ಪಾನೀಯ ಕುಡಿದಷ್ಟೂ ದಾಹ ಹೆಚ್ಚುತ್ತದೆ. ಸ್ಪೇನಿನವರು ಕುಡಿಯುವ ಉಪ್ಪಿನ ಪಾನೀಯ ಏನಾದರೂ ಇದೆಯೇ?
ಕಲಬುರಗಿ

ಉತ್ತರ: ನಿಮ್ಮ ಬಿಸಿಲಿಗೆ ಸರಿಸಮನಾದ ಬಿಸಿಲು ಆಂದಲೂಸಿಯಾದ್ದು. ಅಲ್ಲಿನ ಎಸಿಹಾ ಎಂಬ ಊರಿಗೆ 'ಆಂದಲೂಸಿಯಾದ ಬಾಣಲೆ' ಎಂದೇ ಅಡ್ಡಹೆಸರು. ನಿಮ್ಮಲ್ಲಿ ಮಣ್ಣಿನ ಹೂಜಿಯ ನೀರು ಕುಡಿಯುವಂತೆ ಅಲ್ಲಿಯೂ ಬೊತೀಹೊ ಎಂಬ ಮಣ್ಣಿನ ಹೂಜಿಯಿತ್ತು. ಮೈಯ ಸೂಕ್ಷ್ಮ ರಂಧ್ರಗಳಿಂದ ನೀರು ಜಿನುಗಿ ಆವಿಯಾಗುವಾಗ ಒಳಗಿನ ನೀರು ತಣ್ಣಗಾಗುವ ಈ ಉಪಾಯ ಒಣ ಸೆಕೆಯ ಸೀಮೆಗಳಲ್ಲಿಯೇ ಚೆನ್ನಾಗಿ ನಡೆಯುತ್ತದೆ. ಅಂಥ ಸೀಮೆಯ ಹೊಲದ ಆಳುಗಳ ಆಹಾರವಾಗಿ ಬೆಳೆದದ್ದು ಗಸ್ಪಾಚೊ. ಟೊಮೆಟೊ, ಸೌತೆಕಾಯಿಗಳನ್ನು ಹಸಿಯಾಗಿಯೇ ಅರೆದ ಈ ಸಾರನ್ನು ತಟ್ಟೆಯಲ್ಲಿ ಚಮಚದಿಂದ ತಿನ್ನುವವರಿದ್ದಾರೆ. ಮನೆಗಳಲ್ಲಿ ಫ್ರಿಜ್ಜಿನ ಹೂಜಿಯಿಂದ ನೇರವಾಗಿ ಲೋಟಕ್ಕೆ ಬಗ್ಗಿಸಿ ಕುಡಿಯುವವರೂ ಅಷ್ಟೇ ಇದ್ದಾರೆ. ನಮ್ಮ ನೀರುಮಜ್ಜಿಗೆ ಮಾಡುವ ಕೆಲಸವನ್ನೇ ಅಲ್ಲಿ ಇದು ಮಾಡುತ್ತದೆ, ಬೆವರಿನಲ್ಲಿ ಹೋದ ನೀರನ್ನೂ ಉಪ್ಪನ್ನೂ ಒಟ್ಟಿಗೆ ಮರಳಿಸುತ್ತದೆ.

ಪೂರ್ತಿ ಕೆಂಪಾದ ಒಂದು ಕಿಲೋ ಟೊಮೆಟೊ, ಒಂದು ಎಳೆ ಸೌತೆಕಾಯಿ, ಅರ್ಧ ದೊಣ್ಣೆ ಮೆಣಸಿನಕಾಯಿ, ಒಂದೇ ಒಂದು ಬೆಳ್ಳುಳ್ಳಿ ಎಸಳು ಇವನ್ನು ಚೆನ್ನಾಗಿ ತೊಳೆದು ಹೆಚ್ಚಿ ಒಂದು ಚಮಚ ಉಪ್ಪು ಹಾಕಿ ಕಾಲು ಗಂಟೆ ಬಿಡಿರಿ. ಇಲ್ಲಿ ಬೇಯಿಸುವ ಹಂತವೇ ಇಲ್ಲವಾದುದರಿಂದ ತೊಳೆಯುವಲ್ಲಿ ಉದಾಸೀನ ಕೂಡದು. ಬ್ರೆಡ್ಡಿನ ಒಂದು ಹಳೆಯ ತುಂಡನ್ನು ನೆನೆಸಿ ಹಿಂಡಿ ಸೇರಿಸಿದರೆ ಮಂದವಾಗುತ್ತದೆ, ಕುಡಿಯಲು ತೆಳುವಾಗಿರಲಿ ಎಂದರೆ ಅದನ್ನು ಬಿಡಬಹುದು. ಎಲ್ಲವನ್ನೂ ಅರೆಯುತ್ತಾ ಕೊನೆಯಲ್ಲಿ 60 ಮಿಲಿಲೀಟರ್ ಆಲಿವ್ ಎಣ್ಣೆಯನ್ನು ಸಣ್ಣ ಧಾರೆಯಾಗಿ ಬಿಡಿ. ಕೆಂಪು ಬಣ್ಣ ಕಣ್ಣೆದುರೇ ಕಿತ್ತಳೆಯತ್ತ ತಿರುಗಿ, ಮಿಶ್ರಣ ನಯವಾಗುವುದನ್ನು ನೀವು ಕಾಣುತ್ತೀರಿ. ಸೋಸಿ ಎರಡು ಗಂಟೆ ತಣ್ಣಗಾಗಿಸಿರಿ. ಅಲ್ಲಿನವರು ಹೆರೆಸ್ ಪಟ್ಟಣದ ಶೆರಿ ವೈನಿನಿಂದ ತಯಾರಾದ ವಿನೆಗರನ್ನು ಎರಡು ಟೇಬಲ್ ಚಮಚ ಹಾಕುತ್ತಾರೆ. ನಿಮ್ಮಲ್ಲಿನ ಜವಾರಿ ಟೊಮೆಟೊಕ್ಕೆ ತನ್ನದೇ ಹುಳಿಯಿರುವುದರಿಂದ ಒಂದು ಚಮಚದಿಂದ ಆರಂಭಿಸಿ ರುಚಿ ನೋಡಿ ಮುಂದುವರಿಯಿರಿ. ಹಸಿಮೆಣಸು, ಜೀರಿಗೆ, ಕೊತ್ತಂಬರಿ ಹಾಕುವ ಆಸೆಯನ್ನು ಮೊದಲ ಸಲವಾದರೂ ತಡೆದುಕೊಳ್ಳಿ. ಹಣ್ಣಾದ ಟೊಮೆಟೊ ಮತ್ತು ಎಣ್ಣೆಯ ರುಚಿಯನ್ನು ಮಸಾಲೆಯಿಲ್ಲದೆ ಒಮ್ಮೆ ಅನುಭವಿಸಬೇಕು.

ಟೊಮೆಟೊವೂ ದೊಣ್ಣೆ ಮೆಣಸಿನಕಾಯಿಯೂ ಅಮೆರಿಕ ಖಂಡದಿಂದ ಬಂದವು, ನಮಗೆ ಬಂದಂತೆಯೇ. ಅವು ಬರುವುದಕ್ಕೆ ಮೊದಲು ಇದ್ದ ಬಿಳಿಯ ಗಸ್ಪಾಚೊ ಇಂದಿಗೂ ಮಾಲಗಾ ಸೀಮೆಯಲ್ಲಿ ಅಹೊ ಬ್ಲಾಂಕೊ ಎಂಬ ಹೆಸರಿನಲ್ಲಿ ಉಳಿದಿದೆ. ಬಾದಾಮಿ, ಬ್ರೆಡ್ಡು, ಬೆಳ್ಳುಳ್ಳಿ, ಎಣ್ಣೆ, ವಿನೆಗರ್ ಅರೆದ ಅದನ್ನು ತಣ್ಣನೆಯ ದ್ರಾಕ್ಷಿಹಣ್ಣಿನ ಜೊತೆ ಕೊಡುತ್ತಾರೆ. ವಿಜಯಪುರದ ಹಸಿರು ದ್ರಾಕ್ಷಿ ಬರುವ ಕಾಲದಲ್ಲಿ ಅದನ್ನೂ ಮಾಡಿ ನೋಡಿರಿ.

ಪ್ರಶ್ನೆ: ನಮ್ಮ ತೋಟದಲ್ಲಿ ಕಿತ್ತಳೆಯಿದೆ, ಮನೆಯಲ್ಲೇ ಹುದುಗಿಸಿದ ವೈನ್ ಇದೆ. ಇವೆರಡನ್ನೂ ಸೇರಿಸಿ ಆಗ್ವಾ ದೆ ವಲೆನ್ಸಿಯಾ ಮಾಡಬಹುದೇ?
ಮಡಿಕೇರಿ

ಉತ್ತರ: ಕಿತ್ತಳೆ ಆಗುತ್ತದೆ, ವೈನ್ ಆಗದು. ಆಗ್ವಾ ದೆ ವಲೆನ್ಸಿಯಾ ಎಂದರೆ ವಲೆನ್ಸಿಯಾದ ನೀರು. 1959ರಲ್ಲಿ ಆ ನಗರದ ಸೆರ್ವೆಸೆರಿಯಾ ಮಾದ್ರಿದ್ ಎಂಬ ಬಾರಿನಲ್ಲಿ ಕೊನ್ಸ್ತಾಂತೆ ಹಿಲ್ ಎಂಬವರು ಇದನ್ನು ರೂಪಿಸಿದರು. ಇದರ ಜೀವಾಳ ಕಾವಾ, ಅಂದರೆ ಬಾಟಲಿಯೊಳಗೇ ಎರಡನೆಯ ಸಲ ಹುದುಗಿ ಗುಳ್ಳೆ ಕಟ್ಟುವ ಸ್ಪೇನಿನ ಬಿಳಿ ವೈನ್. ಮನೆಯ ವೈನಿನಲ್ಲಿ ಆ ಗುಳ್ಳೆಯಿರುವುದಿಲ್ಲ. ಗುಳ್ಳೆ ಬರಲೆಂದು ಇನ್ನೂ ಹುದುಗುತ್ತಿರುವ ವೈನನ್ನು ಸಾಮಾನ್ಯ ಬಾಟಲಿಯಲ್ಲಿ ಬಿಗಿಯಾಗಿ ಮುಚ್ಚಿದರೆ ಒತ್ತಡಕ್ಕೆ ಗಾಜು ಸಿಡಿಯುವ ಅಪಾಯವಿದೆ, ಆ ಸಾಹಸ ಖಂಡಿತ ಬೇಡ. ಭಾರತದಲ್ಲೇ ತಯಾರಾಗುವ, ಬ್ರೂಟ್ ಎಂದು ಬರೆದಿರುವ ಸಿಹಿಯಿಲ್ಲದ ಸ್ಪಾರ್ಕ್ಲಿಂಗ್ ವೈನ್ ಕೊಳ್ಳಿರಿ.

ರೂಢಿಯ ಅಳತೆ ಹೀಗಿದೆ: 200 ಮಿಲಿಲೀಟರ್ ಕಿತ್ತಳೆ ರಸ, 700 ಮಿಲಿಲೀಟರ್ ಕಾವಾ, 50 ಮಿಲಿಲೀಟರ್ ವೋಡ್ಕಾ, 50 ಮಿಲಿಲೀಟರ್ ಜಿನ್, ರುಚಿಗೆ ಸ್ವಲ್ಪ ಸಕ್ಕರೆ. ಲೆಕ್ಕ ಹಾಕಿದರೆ ಮದ್ಯಾಂಶ ಶೇಕಡಾ 12ರಷ್ಟಾಗುತ್ತದೆ, ಅಂದರೆ ಬರಿಯ ವೈನಿನಷ್ಟೇ ತೀಕ್ಷ್ಣ. ಆದರೆ ಕುಡಿಯುವವರ ನಾಲಿಗೆಗೆ ಕಿತ್ತಳೆ ರಸವಷ್ಟೇ ತಿಳಿಯುತ್ತದೆ. ಆ ಕಾರಣದಿಂದ ನಾನು ವೋಡ್ಕಾವನ್ನೂ ಜಿನ್ನನ್ನೂ ಬಿಟ್ಟು, ರಸವನ್ನು 350 ಮಿಲಿಲೀಟರಿಗೆ ಏರಿಸಲು ಹೇಳುತ್ತೇನೆ. ವಲೆನ್ಸಿಯಾದವರು ಇದನ್ನು ಒಪ್ಪಲಾರರು. ನಿಮ್ಮ ಅತಿಥಿಗಳು ಒಪ್ಪುತ್ತಾರೆ. 2006ರಿಂದ ಭೌಗೋಳಿಕ ಮಾನ್ಯತೆ ಪಡೆದಿರುವ ನಿಮ್ಮ ಕೊಡಗಿನ ಕಿತ್ತಳೆಯಲ್ಲಿ ಸಿಹಿಯ ಜೊತೆಗೆ ಚುರುಕಾದ ಹುಳಿಯೂ ಇರುವುದರಿಂದ ಅದು ಇದಕ್ಕೆ ಸೊಗಸಾಗಿ ಹೊಂದುತ್ತದೆ. ಬೀಜ ಅರೆಯದಂತೆ ಕೈಯಿಂದಲೇ ಹಿಂಡಿ, ಕೂಡಲೇ ಬಳಸಿರಿ. ಸ್ಪ್ಯಾನಿಷ್ ಭಾಷೆಯ ನರಾಂಹಾ ಎಂಬ ಪದ ಅರಬ್ಬಿ, ಪರ್ಷಿಯನ್ ಭಾಷೆಗಳ ದಾರಿಯಾಗಿ ನಮ್ಮ ನಾರಂಗದಿಂದಲೂ, ಆಸುಕಾರ್ ಎಂಬುದು ಶರ್ಕರದಿಂದಲೂ ಹೋದವು. ಹಣ್ಣೂ ಸಕ್ಕರೆಯೂ ಈ ಕಡೆಯಿಂದಲೇ ಅತ್ತ ನಡೆದು ಹೋದ ದಾರಿಯ ಗುರುತು ಆ ಹೆಸರುಗಳಲ್ಲಿದೆ.

ಪ್ರಶ್ನೆ: ವೈನಿಗೆ ಕೋಲಾ ಬೆರೆಸಿ ಕುಡಿಯುವುದು ನಿಜವೇ? ಗೆಳೆಯರು ಹೇಳಿದಾಗ ನಂಬಲಾಗಲಿಲ್ಲ.
ಮಂಗಳೂರು

ಉತ್ತರ: ನಿಜ. ಬಾಸ್ಕ್ ಸೀಮೆಯ ಈ ಪಾನೀಯಕ್ಕೆ ಕಲಿಮೋಚೊ ಎಂದು ಹೆಸರು. ಬಿಲ್ಬಾವೊ ಬಳಿಯ ಅಲ್ಗೋರ್ತಾ ಎಂಬಲ್ಲಿ 1972ರ ಹಬ್ಬವೊಂದರಲ್ಲಿ ಆ ಹೆಸರು ಬಂದಿತು. ಸಮಪ್ರಮಾಣದ ರೆಡ್ ವೈನ್ ಮತ್ತು ಕೋಲಾ, ಬೇಕಾದಷ್ಟು ಐಸ್, ನಿಂಬೆಯ ಹೋಳು. ಯುವಕರ ಹಬ್ಬದ ಪಾನೀಯವದು. ನನಗೆ ಮೆಚ್ಚುಗೆಯಾಗಿಲ್ಲ, ಒಂದು ಲೋಟ ಮಾಡಿ ನೀವೇ ನಿರ್ಧರಿಸಿರಿ.

ಪ್ರಶ್ನೆ: ಇಲ್ಲಿ ಶೆರಿ ಸುಲಭವಾಗಿ ಸಿಗುತ್ತದೆ. ಸೆವಿಯಾ ನಗರದ ಜಾತ್ರೆಯಲ್ಲಿ ಕುಡಿದ ರೆಬುಹೀತೊ ಮಾಡಲು ಹೋಗಿ ಕ್ರೀಮ್ ಶೆರಿ ಬಳಸಿದೆ, ಅಂಟಂಟಾಯಿತು.
ಲಂಡನ್

ಉತ್ತರ: ಕ್ರೀಮ್ ಶೆರಿ ಸಿಹಿಯಾದುದು. ನಿಮಗೆ ಬೇಕಾದುದು ಹುಲ್ಲಿನ ಬಣ್ಣದ, ಸ್ವಲ್ಪವೂ ಸಿಹಿಯಿಲ್ಲದ ಫೀನೊ ಅಥವಾ ಮಾನ್ಸನೀಯಾ. ಎರಡರಲ್ಲಿಯೂ ಪೀಪಾಯಿಯೊಳಗೆ ವೈನಿನ ಮೇಲೆ ಈಸ್ಟಿನ ತೆಳು ಕೆನೆ ಕಟ್ಟಿಕೊಂಡು ಗಾಳಿ ತಾಗದಂತೆ ಕಾಯುತ್ತದೆ. ಮಾನ್ಸನೀಯಾ ಎಂಬ ಹೆಸರು ಸಮುದ್ರದಂಚಿನ ಸಾನ್‌ಲೂಕರ್ ಪಟ್ಟಣದಲ್ಲಿ ಮಾಗಿದ ಶೆರಿಗೆ ಮಾತ್ರ ಸಲ್ಲುತ್ತದೆ. ಒಂದು ಪಾಲು ಮಾನ್ಸನೀಯಾ, ಎರಡು ಪಾಲು ನಿಂಬೆ ಸ್ವಾದದ ಸೋಡಾ, ಒಂದು ಹಿಡಿ ಪುದೀನ, ಹೂಜಿ ತುಂಬ ಐಸ್. ಪುದೀನವನ್ನು ಜಜ್ಜದೆ ಅಂಗೈಯಲ್ಲಿಟ್ಟು ಒಮ್ಮೆ ತಟ್ಟಿ ಹಾಕಿರಿ. ಬಾಟಲಿ ತೆರೆದ ಮೇಲೆ ಫ್ರಿಜ್ಜಿನಲ್ಲಿಟ್ಟು ಒಂದು ವಾರದೊಳಗೆ ಮುಗಿಸಬೇಕು. ಶೆರಿ ವರ್ಷಗಟ್ಟಲೆ ಕೆಡದು ಎಂಬ ನಂಬಿಕೆ ಈ ಎರಡು ಬಗೆಗಳಿಗೆ ಅನ್ವಯಿಸುವುದಿಲ್ಲ.

ಪ್ರಶ್ನೆ: ಮನೆಯ ಸಮಾರಂಭದಲ್ಲಿ ಸಾಂಗ್ರಿಯಾ ಮುಗಿದ ಮೇಲೆ ಹೂಜಿಯಲ್ಲಿ ಉಳಿದಿದ್ದ ಹಣ್ಣನ್ನು ನನ್ನ ಆರು ವರ್ಷದ ಸೋದರಳಿಯ ತಿನ್ನಲು ಹೋಗಿದ್ದ. ಅತ್ತಿಗೆ ಕಸಿದುಕೊಂಡರು. ಹಣ್ಣಿನಲ್ಲಿ ಏನಿರುತ್ತದೆ ಎಂದು ಅಣ್ಣ ವಾದಿಸಿದರು. ಯಾರು ಸರಿ?
ಮೈಸೂರು

ಉತ್ತರ: ನಿಮ್ಮ ಅತ್ತಿಗೆಯವರೇ ಸರಿ. ಗಂಟೆಗಟ್ಟಲೆ ವೈನಿನಲ್ಲಿ ನೆನೆದ ಸೇಬಿನ ಹೋಳು ವೈನನ್ನು ಹೀರಿಕೊಂಡಿರುತ್ತದೆ, ಮಗುವಿನ ಪುಟ್ಟ ದೇಹಕ್ಕೆ ಅಂಥ ನಾಲ್ಕು ಹೋಳುಗಳೂ ಹೆಚ್ಚೇ. ಗರ್ಭಿಣಿಯರು, ವಾಹನ ಓಡಿಸುವವರು, ಔಷಧಿ ಸೇವಿಸುತ್ತಿರುವವರು ಕೂಡ ಆ ಹಣ್ಣನ್ನು ವೈನಿನಂತೆಯೇ ಕಾಣಬೇಕು. ಮಧುಮೇಹಕ್ಕೆ ಗುಳಿಗೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಮುಂದಿನ ಸಲ ಆಕಾರದಲ್ಲೇ ಗುರುತು ಸಿಗುವ ಎರಡು ಬೇರೆ ಹೂಜಿಗಳನ್ನು ಇಟ್ಟು, ಎರಡನೆಯದರಲ್ಲಿ ಮೋಸ್ತೊ ಕೊಡಿರಿ. ಹುದುಗದ ದ್ರಾಕ್ಷಿ ರಸಕ್ಕೆ ಅಲ್ಲಿ ಆ ಹೆಸರು. ಸ್ಪೇನಿನ ಬಾರುಗಳಲ್ಲಿ ಮದ್ಯ ಬೇಡವೆನ್ನುವ ದೊಡ್ಡವರೂ ಅದನ್ನು ಐಸ್ ಮತ್ತು ಕಿತ್ತಳೆಯ ಹೋಳಿನೊಂದಿಗೆ ಕೇಳಿ ಕುಡಿಯುತ್ತಾರೆ. ಚಿಕ್ಕಬಳ್ಳಾಪುರದ ಕಡೆಯ ಬೆಂಗಳೂರು ನೀಲಿ ದ್ರಾಕ್ಷಿಯ ಗಾಢ ರಸ ಇದಕ್ಕೆ ತಕ್ಕುದು. ಒಂದು ಕಿಲೋ ಹಣ್ಣನ್ನು ಬಿಸಿನೀರಿನ ಪಾತ್ರೆಯ ಮೇಲಿಟ್ಟು ಬೆಚ್ಚಗಾಗಿಸಿ, ಕೈಯಿಂದ ಕಿವುಚಿ, ಬೀಜ ಒಡೆಯದಂತೆ ಸೋಸಿ, ತಣ್ಣಗಾದ ಮೇಲೆ ಅದರಷ್ಟೇ ಸೋಡಾ, ನಿಂಬೆ, ಕಿತ್ತಳೆ ಹೋಳುಗಳನ್ನು ಸೇರಿಸಿರಿ. ಬಣ್ಣದಲ್ಲಿ ಸಾಂಗ್ರಿಯಾದಂತೆಯೇ ಇರುವುದರಿಂದ ಹೂಜಿಗಳ ಗುರುತು ತಪ್ಪದಂತೆ ನೋಡಿಕೊಳ್ಳಿ.

ಪ್ರಶ್ನೆ: ತೆರೆದ ವೈನ್ ಬಾಟಲಿಯಲ್ಲಿ ಕಾಲು ಭಾಗ ಉಳಿದಿದೆ. ಎಷ್ಟು ದಿನ ಇಡಬಹುದು?
ಹಾಸನ

ಉತ್ತರ: ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಕೆಂಪು ವೈನ್ ಮೂರು, ನಾಲ್ಕು ದಿನ ಕುಡಿಯುವಂತಿರುತ್ತದೆ, ಅಷ್ಟರಲ್ಲಿ ಶಿವಮೊಗ್ಗದವರಿಗೆ ಹೇಳಿದ ತಿಂತೊ ದೆ ವೆರಾನೊ ಮಾಡಿ ಮುಗಿಸಿರಿ. ಅದಕ್ಕೂ ಹಳೆಯದಾಗಿದ್ದರೆ ವಿನೆಗರ್ ಮಾಡಬಹುದು. ಬಾಯಿ ಅಗಲವಾದ ಗಾಜಿನ ಜಾಡಿಗೆ ಎರಡು ಪಾಲು ವೈನ್, ಒಂದು ಪಾಲು ಕುದಿಸಿ ಆರಿಸಿದ ನೀರು, ಅರ್ಧ ಪಾಲು ತಳದಲ್ಲಿ ಮಡ್ಡಿಯಿರುವ ಸೋಸದ ವಿನೆಗರ್ ಹಾಕಿ, ತೆಳು ಬಟ್ಟೆ ಕಟ್ಟಿ, ಬಿಸಿಲು ಬೀಳದ ಮೂಲೆಯಲ್ಲಿಡಿ. ಹುದುಗಲು ಗಾಳಿ ಬೇಕಾದುದರಿಂದ ಮುಚ್ಚಳ ಬಿಗಿಯಬಾರದು. ಮೇಲ್ಮೈಯಲ್ಲಿ ನುಣುಪಾದ ಪೊರೆ ಕಟ್ಟಿದರೆ ಅದು ಒಳ್ಳೆಯ ಲಕ್ಷಣ. ಹಸಿರು ಅಥವಾ ಕಪ್ಪು ಬೂಷ್ಟು ಬಂದರೆ ಎಲ್ಲವನ್ನೂ ಚೆಲ್ಲಿಬಿಡಿ. ಆರೆಂಟು ವಾರಗಳಲ್ಲಿ ವೈನಿನ ವಾಸನೆ ಹೋಗಿ ಹುಳಿಯ ವಾಸನೆ ಮೂಗಿಗೆ ಚುರುಕಾಗಿ ತಾಗತೊಡಗುತ್ತದೆ. ಸೋಸಿ ಬಾಟಲಿಗೆ ತುಂಬಿಟ್ಟರೆ ಗಸ್ಪಾಚೊಗೆ ಬೇಕಾದ ಹುಳಿ ನಿಮ್ಮ ಮನೆಯಲ್ಲೇ ತಯಾರಾದಂತೆ.